ಪೀಸ್ ಲೆಕ್ಕದಲ್ಲಿ ಹೊಲಿಸುವವನು ಕನಿಷ್ಠ ವೇತನ ಕೊಡುವುದು ಹೇಗೆ? ಬಳ್ಳಾರಿಯ ಜೀನ್ಸ್ ಘಟಕದಿಂದ ಒಂದು ಪ್ರಶ್ನೆ

ಹದಿನಾಲ್ಕು ಮಷೀನು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನದು ಹದಿನಾಲ್ಕು ಮಷೀನಿನ ಸಣ್ಣ ಜೀನ್ಸ್ ಹೊಲಿಗೆ ಘಟಕ. ಬಟ್ಟೆ ನನ್ನದಲ್ಲ, ಪ್ಯಾಂಟಿನ ಮೇಲೆ ಬೀಳುವ ಹೆಸರೂ ನನ್ನದಲ್ಲ. ವ್ಯಾಪಾರಿ ಕಟಿಂಗ್ ಮಾಡಿದ ಬಂಡಲ್ ಕಳಿಸುತ್ತಾರೆ, ನಾನು ಹೊಲಿಸಿ ಕೊಡುತ್ತೇನೆ, ಅಲ್ಲಿಂದ ಮಾಲು ವಾಷಿಂಗ್‌ಗೆ ಹೋಗುತ್ತದೆ. ನನಗೆ ಪ್ಯಾಂಟಿಗೆ ಇಷ್ಟು ಎಂದು ಮಜೂರಿ. ನಾನೂ ಕೆಲಸಗಾರರಿಗೆ ಹಾಗೆಯೇ ಕೊಡುತ್ತೇನೆ: ಜೇಬಿಗೆ ಇಷ್ಟು, ಝಿಪ್ಪಿಗೆ ಇಷ್ಟು, ಸೊಂಟಪಟ್ಟಿಗೆ ಇಷ್ಟು. ಶನಿವಾರ ಸಂಜೆ ಬಟವಾಡೆ. ಹನ್ನೊಂದು ವರ್ಷಗಳಲ್ಲಿ ಒಂದು ಶನಿವಾರವೂ ತಪ್ಪಿಸಿಲ್ಲ.

ಕಳೆದ ವಾರ ಕಾರ್ಮಿಕ ನಿರೀಕ್ಷಕರು ಬಂದಿದ್ದರು. ಹಾಜರಿ ಪುಸ್ತಕ, ವೇತನ ಪುಸ್ತಕ ಕೇಳಿದರು. ನನ್ನ ಹತ್ತಿರ ಇದ್ದದ್ದು ಪೀಸ್ ಬರೆಯುವ ನೋಟ್‌ಬುಕ್ ಮಾತ್ರ. ‘ಎಂಟು ಗಂಟೆಗೆ ಒಬ್ಬೊಬ್ಬರಿಗೆ ಎಷ್ಟು ಬೀಳುತ್ತದೆ ಎಂದು ತೋರಿಸಿ’ ಎಂದರು. ತೋರಿಸಲು ಆಗಲಿಲ್ಲ. ಸಮಯ ಕೊಟ್ಟು ಹೋದರು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಹದಿನೇಳು ಜನರಲ್ಲಿ ಆರು ಮಂದಿಗೆ ಸರ್ಕಾರದ ದರಕ್ಕಿಂತ ಹೆಚ್ಚೇ ಬೀಳುತ್ತದೆ. ಉಳಿದ ಹನ್ನೊಂದು ಮಂದಿಗೆ ಬಹುತೇಕ ವಾರಗಳಲ್ಲಿ ಕಡಿಮೆ. ಅದನ್ನು ನೋಡಿ ನನಗೇ ಸಂಕಟವಾಯಿತು, ಏಕೆಂದರೆ ಎಲ್ಲರಿಗೂ ನ್ಯಾಯವಾಗಿಯೇ ಕೊಡುತ್ತಿದ್ದೇನೆ ಎಂದು ನಂಬಿಕೊಂಡಿದ್ದೆ. ಆದರೆ ವ್ಯಾಪಾರಿ ಮಜೂರಿ ಏರಿಸಿ ಮೂರು ವರ್ಷವಾಯಿತು. ಹನ್ನೊಂದು ಮಂದಿಯ ಕೊರತೆಯನ್ನು ಕೈಯಿಂದ ತುಂಬಿದರೆ ಬಾಡಿಗೆಗೆ ಉಳಿಯುವುದಿಲ್ಲ. ಇದೇ ದಾರಿಯಲ್ಲಿ ನಡೆದವರು ಇದ್ದರೆ ತಿಳಿಸಿ.

ಕೌಲ್ ಬಜಾರ್ ಹುಡುಗ (ಬಳ್ಳಾರಿ)

ಹನ್ನೊಂದು ಮಂದಿಗೆ ಕಡಿಮೆ ಬೀಳುತ್ತಿದೆ ಎಂದು ನೀವೇ ಬರೆದಿದ್ದೀರಿ. ಇನ್ನು ಪ್ರಶ್ನೆ ಏನು ಉಳಿಯಿತು? ಕೊಡಬೇಕು, ಅಷ್ಟೇ.

ಓವರ್‌ಲಾಕ್ (ಬಳ್ಳಾರಿ)

ಹೇಳುವುದು ಸುಲಭ, ತಮ್ಮಾ. ನನ್ನದೂ ಹತ್ತು ಮಷೀನಿನ ಘಟಕ. ನಮ್ಮ ಪ್ಯಾಂಟು ಉಲ್ಲಾಸನಗರದ ಪ್ಯಾಂಟಿನ ಜೊತೆ, ದೆಹಲಿಯ ಪ್ಯಾಂಟಿನ ಜೊತೆ ಒಂದೇ ಅಂಗಡಿಯಲ್ಲಿ ನೇತಾಡುತ್ತದೆ. ಐದು ರೂಪಾಯಿ ಹೆಚ್ಚು ಎಂದರೆ ವ್ಯಾಪಾರಿ ಬಂಡಲನ್ನು ಪಕ್ಕದ ಓಣಿಗೆ ಕಳಿಸುತ್ತಾನೆ. ಬೆಂಗಳೂರಿನಲ್ಲಿ ಕುಳಿತು ದರ ನಿಗದಿ ಮಾಡುವವರು ಒಂದು ದಿನ ಬಂದು ನಮ್ಮ ಷೆಡ್ಡಿನಲ್ಲಿ ಕೂರಲಿ. ಕಾನೂನು ಬಿಗಿ ಮಾಡಿದಷ್ಟೂ ಘಟಕಗಳು ಮುಚ್ಚುತ್ತವೆ, ಕೆಲಸಗಾರರೇ ಬೀದಿಗೆ ಬೀಳುತ್ತಾರೆ.

ನಿವೃತ್ತ ನಿರೀಕ್ಷಕ (ಕೊಪ್ಪಳ)

ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದವನಾಗಿ ಕೆಲವು ಗಂಟುಗಳನ್ನು ಬಿಡಿಸುತ್ತೇನೆ.

ಮೊದಲನೆಯದು, ‘ನಾವು ಪೀಸ್ ಲೆಕ್ಕ, ನಮಗೆ ಕನಿಷ್ಠ ವೇತನ ಅನ್ವಯಿಸುವುದಿಲ್ಲ’ ಎಂಬ ಮಾತು. ಇದನ್ನು ಜೀನ್ಸ್ ಘಟಕದಿಂದ ಹಿಡಿದು ಬೀಡಿ ಗುತ್ತಿಗೆಯವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇತ್ತು. ಪೀಸ್ ಲೆಕ್ಕದಲ್ಲಿ ದುಡಿಸಿದರೂ, ಆ ಕೆಲಸಕ್ಕೆ ಹೊತ್ತಿನ ದರ (ದಿನಕ್ಕೆ ಅಥವಾ ಗಂಟೆಗೆ ಇಷ್ಟು ಎಂಬುದು) ಮಾತ್ರ ನಿಗದಿಯಾಗಿದ್ದರೆ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ನಿಯಮ ಮುಂದುವರಿದಿದೆ. ಹಿಂದೆ ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ಇತ್ತು. ಈಗ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದ್ದಾರೆ.

ಎರಡನೆಯದು, ‘ಕೊಡಲು ಶಕ್ತಿಯಿಲ್ಲ’ ಎಂಬ ಮಾತು. ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಇದನ್ನೇ ಹೇಳಿಕೊಂಡು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1961ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನ್ಯಾಯಯುತ ವೇತನ ನಿಗದಿ ಮಾಡುವಾಗ ಉದ್ಯಮದ ಶಕ್ತಿ ನೋಡಬಹುದು, ಕನಿಷ್ಠ ವೇತನಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣ ಬಂದಾಗ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿದವನು ‘ಒಪ್ಪಿ’ ಬಂದಿದ್ದಾನೆ ಎಂಬ ವಾದ ಅಲ್ಲಿಗೆ ಮುಗಿಯಿತು.

ಹದಿನಾಲ್ಕು ಮಷೀನಿನವರೇ, ನೀವು ಲೆಕ್ಕ ಹಾಕಿ ಸತ್ಯ ಬರೆದಿದ್ದೀರಿ. ಆ ನೋಟ್‌ಬುಕ್ಕಿನ ಜೊತೆ ಹಾಜರಿ ಪುಸ್ತಕವನ್ನೂ ಇಂದಿನಿಂದಲೇ ಶುರು ಮಾಡಿ. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಬರೆಯಿರಿ.

ಜೇಬಿನ ಮಷೀನು (ಬಳ್ಳಾರಿ)

ನಾನು ಬೇರೆ ಘಟಕದಲ್ಲಿ ಹೊಲಿಯುವವಳು. ಹಿಂದಿನ ಎರಡು ಜೇಬು ಹಚ್ಚುವುದು ನನ್ನ ಕೆಲಸ. ಒಂದು ಪ್ಯಾಂಟಿಗೆ 3 ರೂಪಾಯಿ. ಬಂಡಲ್ ಸರಿಯಾಗಿ ಬಂದ ದಿನ 140 ಪ್ಯಾಂಟು ಮುಗಿಸುತ್ತೇನೆ, 420 ರೂಪಾಯಿ ಆಗುತ್ತದೆ. ಅಂಥ ದಿನ ಮನೆಗೆ ಹೋಗುವಾಗ ನನಗೂ ದೂರಿಲ್ಲ.

ಈಗ ಮೊನ್ನೆ ಸೋಮವಾರದ ಲೆಕ್ಕ ಕೇಳಿ. ಬೆಳಿಗ್ಗೆ ಒಂಬತ್ತೂವರೆಗೆ ಮಷೀನಿನ ಮುಂದೆ ಕುಳಿತೆ. ಬಂಡಲ್ ಬರಲಿಲ್ಲ. ಬಾಬಿನ್‌ಗೆ ದಾರ ಸುತ್ತಿದೆ, ಮಷೀನು ಒರೆಸಿದೆ, ಎಣ್ಣೆ ಬಿಟ್ಟೆ. ಹನ್ನೆರಡೂಕಾಲಿಗೆ ಆಟೋದಲ್ಲಿ ಬಂಡಲ್ ಬಂತು. ಎರಡು ಗಂಟೆಗೆ ಕರೆಂಟ್ ಹೋಯಿತು, ಮೂರೂವರೆಗೆ ಬಂತು. ಆರೂವರೆಗೆ ಎದ್ದಾಗ 68 ಪ್ಯಾಂಟು. 204 ರೂಪಾಯಿ.

ಒಂಬತ್ತು ಗಂಟೆ ಆ ತಗಡಿನ ಕೆಳಗೆ ಇದ್ದೆ. ಮನೆಗೆ ಹೋಗಿ ಬರುತ್ತೇನೆ ಎಂದರೆ ‘ಬಂಡಲ್ ಈಗ ಬರುತ್ತದೆ, ಎದ್ದು ಹೋಗಬೇಡಿ’ ಎನ್ನುತ್ತಾರೆ. ಹೋಗಲು ಬಿಡದ ಮೇಲೆ ಆ ಹೊತ್ತು ಯಾರದು? ನನ್ನ ತಂಗಿ ಊರಿನಲ್ಲಿ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುತ್ತಾಳೆ. 2025–26ರಲ್ಲಿ ಅವಳ ದಿನಗೂಲಿ 370. ಹನ್ನೆರಡು ವರ್ಷ ಕೈ ಪಳಗಿಸಿಕೊಂಡವಳು ನಾನು. ಅವಳಿಗಿಂತ ಕಡಿಮೆ ತಂದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಕೌಲ್ ಬಜಾರ್ ಹುಡುಗ (ಬಳ್ಳಾರಿ)

ಅಕ್ಕಾ, ನಮ್ಮ ತಾಯಿಯದೂ ಇದೇ ಕಥೆ. ಝಿಪ್ ಹಚ್ಚುತ್ತಿದ್ದರು.

ನಿವೃತ್ತ ನಿರೀಕ್ಷಕ (ಕೊಪ್ಪಳ)

ಕಾಯುವ ಹೊತ್ತು ಯಾರದು ಎಂದು ಜೇಬಿನ ಮಷೀನಿನ ತಾಯಿ ಕೇಳಿದ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರವಿದೆ. ಕೆಲಸಗಾರ ಬಂದು ಸಿದ್ಧನಾಗಿ ಕುಳಿತಿದ್ದು, ಮಾಲೀಕ ಕೆಲಸ ಒದಗಿಸದ ಕಾರಣಕ್ಕೆ ದಿನದ ಹೊತ್ತು ಪೂರ್ತಿಯಾಗದಿದ್ದರೆ, ಪೂರ್ತಿ ದಿನದ ವೇತನಕ್ಕೇ ಹಕ್ಕಿದೆ. ಕೆಲಸಗಾರನೇ ಮಾಡಲು ಒಪ್ಪದಿದ್ದರೆ ಆ ಹಕ್ಕಿಲ್ಲ. ಇದು ಹಳೆಯ ಕಾಯ್ದೆಯಲ್ಲೂ ಇತ್ತು, ಸಂಹಿತೆಯಲ್ಲೂ ಇದೆ. ಆದರೆ ಕಾಯುವ ಹೊತ್ತನ್ನು ಯಾರೂ ಬರೆದಿಡುವುದಿಲ್ಲ. ಬರೆಯದ ಹೊತ್ತನ್ನು ಯಾವ ಪ್ರಾಧಿಕಾರದ ಮುಂದೆಯೂ ಸಾಬೀತು ಮಾಡುವುದು ಕಷ್ಟ. ನನ್ನ ಮುಂದೆ ಬಂದ ಎಷ್ಟೋ ದೂರುಗಳು ಇಲ್ಲಿಯೇ ಬಿದ್ದುಹೋದವು.

ಹದಿನಾಲ್ಕು ಮಷೀನು (ಬಳ್ಳಾರಿ)

ಜೇಬಿನ ಮಷೀನಿನ ಅಕ್ಕನವರು ಬರೆದದ್ದನ್ನು ಮೂರು ಸಲ ಓದಿದೆ. ನಮ್ಮಲ್ಲೂ ಬಂಡಲ್ ತಡವಾಗುತ್ತದೆ. ‘ಈಗ ಬರುತ್ತದೆ’ ಎಂದು ನಾನೂ ಹೇಳುತ್ತೇನೆ. ಆ ಹೊತ್ತಿಗೆ ನನಗೂ ದುಡ್ಡಿಲ್ಲವಲ್ಲ, ನಷ್ಟ ಇಬ್ಬರಿಗೂ ಸಮ ಎಂದುಕೊಂಡಿದ್ದೆ. ಆ ಲೆಕ್ಕ ಸರಿಯಿಲ್ಲ ಎಂದು ಈಗ ಅನಿಸುತ್ತಿದೆ.

ಅರ್ಥಶಾಸ್ತ್ರದ ಮೇಷ್ಟ್ರು (ರಾಯಚೂರು)

ವೇತನ ಏರಿದರೆ ಕೆಲಸ ಹೋಗುತ್ತದೆ ಎಂದು ಓವರ್‌ಲಾಕ್ ಅವರು ಹೇಳಿದರು. ನಾನು ವಿದ್ಯಾರ್ಥಿಯಾಗಿದ್ದಾಗ ನಮಗೂ ಅದನ್ನೇ ಗಣಿತದಷ್ಟು ಖಚಿತವಾಗಿ ಕಲಿಸಿದ್ದರು. ಅದನ್ನು ಅಲುಗಾಡಿಸಿದ್ದು ಅಮೆರಿಕದ ಒಂದು ಅಧ್ಯಯನ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಗೆ ಮೊದಲೊಮ್ಮೆ, ಆಮೇಲೊಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಆ ಲೇಖನದ ಮೇಲೆ ದೊಡ್ಡ ಜಗಳವೇ ನಡೆಯಿತು, ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು.

ಒಂದು ಊರಿನಲ್ಲಿ ಕೆಲಸ ಕೊಡುವವರು ಕೆಲವರೇ ಇದ್ದು, ಅವರೆಲ್ಲರೂ ಒಂದೇ ದರ ಹಿಡಿದು ಕುಳಿತಿದ್ದರೆ, ಕೂಲಿ ಅದರ ನಿಜವಾದ ಬೆಲೆಗಿಂತ ಕೆಳಗೇ ನಿಂತಿರುತ್ತದೆ. ಅಂಥಲ್ಲಿ ಕಾನೂನು ಅದನ್ನು ಸ್ವಲ್ಪ ಎತ್ತಿದರೆ ಕೆಲಸ ಹೋಗಬೇಕೆಂದೇನೂ ಇಲ್ಲ. ಬಳ್ಳಾರಿಯಲ್ಲಿ ಮಜೂರಿಯ ದರ ನಿಜಕ್ಕೂ ಎಷ್ಟು ಕೈಗಳಲ್ಲಿದೆ? ಅದನ್ನು ತಿಳಿಯದೆ ‘ಮುಚ್ಚಿಹೋಗುತ್ತದೆ’ ಎನ್ನುವುದು ಅವಸರದ ಮಾತು.

ಓವರ್‌ಲಾಕ್ (ಬಳ್ಳಾರಿ)

ಮೇಷ್ಟ್ರೇ, ನ್ಯೂಜೆರ್ಸಿಯ ಹೋಟೆಲಿನವನು ಬೆಲೆ ಹೆಚ್ಚಿಸಿ ಗಿರಾಕಿಯಿಂದ ವಸೂಲು ಮಾಡಬಲ್ಲ. ನನ್ನ ಗಿರಾಕಿ ಒಬ್ಬನೇ ಒಬ್ಬ ವ್ಯಾಪಾರಿ. ಬೆಲೆಯನ್ನು ಅವನು ಹೇಳುತ್ತಾನೆ, ನಾನಲ್ಲ. ನನ್ನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯದು.

ಅರ್ಥಶಾಸ್ತ್ರದ ಮೇಷ್ಟ್ರು (ರಾಯಚೂರು)

ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಕೆಲವೇ ಕೈಗಳಲ್ಲಿ ದರ. ನೀವೂ ಆ ಕೈಯ ಕೆಳಗೇ ಇದ್ದೀರಿ, ನಿಮ್ಮ ಕೆಲಸಗಾರರೂ ಇದ್ದಾರೆ. ಆದರೂ ನಿಮಗೆ ಸಿಟ್ಟು ಬರುವುದು ಕನಿಷ್ಠ ವೇತನದ ಮೇಲೆ.

ಎಡದಂಡೆ ರೈತ (ಗಂಗಾವತಿ)

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ಭತ್ತದ ನಾಟಿಯ ಹೊತ್ತಿನಲ್ಲಿ ಸರ್ಕಾರದ ದರವನ್ನು ಯಾರೂ ಕೇಳುವುದಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲರ ಗದ್ದೆಗೂ ಒಂದೇ ವಾರದಲ್ಲಿ ಆಳು ಬೇಕು. ಹೆಣ್ಣುಮಕ್ಕಳ ಗುಂಪು ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತನಾಡುತ್ತದೆ, ಆ ದಿನಗಳಲ್ಲಿ ಅವರಿಗೆ ಕನಿಷ್ಠ ವೇತನಕ್ಕಿಂತ ಹೆಚ್ಚೇ ಸಿಗುತ್ತದೆ. ಕೊಡುತ್ತೇವೆ, ಕೊಡದೆ ಗತಿಯಿಲ್ಲ. ಆದರೆ ಉದ್ಯೋಗ ಖಾತ್ರಿ ಬಂದ ಮೇಲೆ ಕಳೆ ತೆಗೆಯುವ ಸಣ್ಣ ಕೆಲಸಕ್ಕೂ ಆಳು ಸಿಗುತ್ತಿಲ್ಲ. ಕೂಲಿ ಏರಿತು, ಭತ್ತದ ಬೆಲೆ ಏರಲಿಲ್ಲ. 75 ಕೆ.ಜಿ. ಚೀಲಕ್ಕೆ ವ್ಯಾಪಾರಿ ಹೇಳಿದ್ದೇ ದರ. ನನ್ನಂಥ ನಾಲ್ಕು ಎಕರೆಯವನನ್ನು ‘ಮಾಲೀಕ’ ಎಂದು ಕರೆಯುವಾಗ ಇದನ್ನೂ ನೆನಪಿಡಿ.

ಸಿಂಧನೂರಿನವಳು

ಅಣ್ಣಾ, ಕಳೆ ತೆಗೆಯಲು ಆಳು ಸಿಗುತ್ತಿಲ್ಲ ಎನ್ನುತ್ತೀರಿ. ಮೊದಲು ಆ ಕಳೆಗೆ ಹೆಣ್ಣಾಳಿಗೆ ಎಷ್ಟು ಕೊಡುತ್ತಿದ್ದಿರಿ, ಗಂಡಾಳಿಗೆ ಎಷ್ಟು ಕೊಡುತ್ತಿದ್ದಿರಿ? ಅದನ್ನೂ ಬರೆಯಿರಿ. ಉದ್ಯೋಗ ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ನಮ್ಮ ಊರಿನ ಹೆಂಗಸರು ಗಂಡಸಿನಷ್ಟೇ ಕೂಲಿಯನ್ನು ಜೀವನದಲ್ಲಿ ಮೊದಲ ಸಲ ಎಣಿಸಿಕೊಂಡದ್ದು ಅಲ್ಲಿ.

ಎಡದಂಡೆ ರೈತ (ಗಂಗಾವತಿ)

ಹೆಣ್ಣಾಳಿಗೆ ಕಡಿಮೆ ಕೊಡುತ್ತಿದ್ದೆವು. ಹೌದು. ಅದು ತಪ್ಪೇ.

ಹಮಾಲರ ಮಗ (ಸಿಂಧನೂರು)

ಪೀಸ್ ಲೆಕ್ಕದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಚೀಲಕ್ಕೆ ಇಷ್ಟು ಎಂದು ದರ. ಸುಗ್ಗಿಯಲ್ಲಿ ಲಾರಿ ಮೇಲೆ ಲಾರಿ, ರಾತ್ರಿ ಹನ್ನೊಂದರವರೆಗೂ ಬೆನ್ನಿನ ಮೇಲೆ ಚೀಲ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಾರದ ವರ್ಷ ಗಿರಣಿಯ ಗೇಟಿನ ಬಳಿ ಬೇವಿನ ಮರದ ಕೆಳಗೆ ಕುಳಿತು, ಒಂದು ಲಾರಿ ಬಂದರೆ ಇಪ್ಪತ್ತು ಜನ ಹಂಚಿಕೊಳ್ಳುತ್ತಿದ್ದರು. ವರ್ಷದ ಗಳಿಕೆಯನ್ನು ದಿನಕ್ಕೆ ಭಾಗಿಸಿದರೆ ಏನು ಬರುತ್ತದೆ ಎಂದು ಗಿರಣಿಯವರೂ ಕೇಳಲಿಲ್ಲ, ತಂದೆಯೂ ಕೇಳಲಿಲ್ಲ. ಈಗ ಅವರಿಗೆ ಬೆನ್ನು ಬಾಗಿದೆ. ಚೀಲದ ಲೆಕ್ಕ ಇದ್ದವರಿಗೆ ರಜೆಯ ದಿನವೂ ಇಲ್ಲ, ಜ್ವರದ ದಿನವೂ ಇಲ್ಲ.

ಗುಳೆ ಬಸ್ಸು (ದೇವದುರ್ಗ, ಈಗ ಬೆಂಗಳೂರು)

ನಾನು ಗಾರೆ ಕೆಲಸದವನು. ಪ್ರತಿ ವರ್ಷ ದೀಪಾವಳಿ ಮುಗಿಸಿ ಗುಳೆ ಹೋಗುತ್ತೇವೆ. ಸರ್ಕಾರ ವಲಯ ಮಾಡಿ ಬೆಂಗಳೂರಿಗೆ ಹೆಚ್ಚು, ನಮ್ಮ ತಾಲ್ಲೂಕಿಗೆ ಕಡಿಮೆ ಎಂದು ದರ ಇಟ್ಟಿದೆ. ಊರಿನಲ್ಲಿ ಖರ್ಚು ಕಡಿಮೆ ಎಂಬುದು ಅವರ ಲೆಕ್ಕ. ಎಣ್ಣೆ, ಬೇಳೆ, ಮಾತ್ರೆ, ಸಿಲಿಂಡರ್ ಯಾವುದು ದೇವದುರ್ಗದಲ್ಲಿ ಅಗ್ಗ? ಕಡಿಮೆ ಇರುವುದು ಮನೆಬಾಡಿಗೆ ಒಂದೇ. ಊರಿನಲ್ಲಿ ಕೂಲಿ ಕಡಿಮೆ ಇಟ್ಟು, ಆಮೇಲೆ ‘ಗುಳೆ ತಡೆಯಬೇಕು’ ಎಂದು ಸಭೆ ಮಾಡುತ್ತಾರೆ.

ಒಗ್ಗರಣೆ ಮಿರ್ಚಿ (ಕೊಪ್ಪಳ)

ಬಸ್ಸಿನ ಮಾತು ಬಂದದ್ದಕ್ಕೆ ಕೇಳುತ್ತೇನೆ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಈಗ ಜಾಗ ಸಿಗುತ್ತಿದೆಯೇ? ನಮ್ಮ ಓಣಿಯ ಎರಡು ಕುಟುಂಬಗಳು ಸಾಮಾನು ಕಟ್ಟಿಕೊಂಡು ಕುಳಿತಿವೆ.

ಗುಳೆ ಬಸ್ಸು (ದೇವದುರ್ಗ, ಈಗ ಬೆಂಗಳೂರು)

ಭಾನುವಾರ ಬಿಟ್ಟು ಬೇರೆ ದಿನ ಬನ್ನಿ. ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಮರೆಯಬೇಡಿ, ಇಲ್ಲಿ ಸೇರಿಸಲು ಅದನ್ನೇ ಮೊದಲು ಕೇಳುತ್ತಾರೆ.

ಕೌಲ್ ಬಜಾರ್ ಹುಡುಗ (ಬಳ್ಳಾರಿ)

ವಿಷಯಕ್ಕೆ ಬರೋಣ. ಈ ಕನಿಷ್ಠ ಎಂಬುದನ್ನು ಲೆಕ್ಕ ಹಾಕುವುದು ಹೇಗೆ? ಯಾರಾದರೂ ಕುಳಿತು ಒಂದು ಸಂಖ್ಯೆ ಬರೆಯುತ್ತಾರೆಯೇ?

ನಿವೃತ್ತ ನಿರೀಕ್ಷಕ (ಕೊಪ್ಪಳ)

ಅದಕ್ಕೆ ಒಂದು ಅಳತೆ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟದ್ದು. ದುಡಿಯುವವನೊಬ್ಬನ ಮೇಲೆ ಮೂರು ಘಟಕದ ಕುಟುಂಬ, ಒಂದು ಘಟಕಕ್ಕೆ ದಿನಕ್ಕೆ 2700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ ಬೇರೆ, ಮತ್ತು ಸೌದೆ, ದೀಪ ಇತ್ಯಾದಿಗೆ ಒಟ್ಟು ವೇತನದ ಶೇ. 20. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆ ಇನ್ನೂ ಶೇ. 25 ಸೇರಬೇಕು ಎಂದಿತು. ನಮ್ಮ ರಾಜ್ಯದಲ್ಲಿ ಮೂಲ ವೇತನದ ಮೇಲೆ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಸೇರುತ್ತದೆ. ಅಧಿಸೂಚನೆ ನೋಡುವಾಗ ಹಲವರು ಮೂಲ ವೇತನ ಮಾತ್ರ ನೋಡಿ ತುಟ್ಟಿಭತ್ಯೆ ಮರೆಯುತ್ತಾರೆ. ಎರಡೂ ಸೇರಿದರೆ ಮಾತ್ರ ಕನಿಷ್ಠ ವೇತನ.

ಜೇಬಿನ ಮಷೀನು (ಬಳ್ಳಾರಿ)

ಮೂರು ಘಟಕ ಎಂದರೆ ಗಂಡ, ಹೆಂಡತಿ, ಒಂದು ಮಗುವೇ ಸರ್?

ನಿವೃತ್ತ ನಿರೀಕ್ಷಕ (ಕೊಪ್ಪಳ)

ಇಲ್ಲಮ್ಮ. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಕೂಡಿಸಿದರೆ 3.

ಜೇಬಿನ ಮಷೀನು (ಬಳ್ಳಾರಿ)

ನಮ್ಮ ಮನೆಯಲ್ಲಿ ದುಡಿಯುವವಳು ನಾನು. ಗಂಡ ತೀರಿಕೊಂಡು ಆರು ವರ್ಷ. ಅತ್ತೆ, ಇಬ್ಬರು ಮಕ್ಕಳು. ಆ ಲೆಕ್ಕದಲ್ಲಿ ಅತ್ತೆಗೆ ಎಷ್ಟು?

ನಿವೃತ್ತ ನಿರೀಕ್ಷಕ (ಕೊಪ್ಪಳ)

ತಂದೆ ತಾಯಿ, ಅತ್ತೆ ಮಾವ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸಿಂಧನೂರಿನವಳು

ಹೆಂಡತಿಗೆ 0.8. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ನೀರು ಹೊತ್ತು, ಹೊಲಕ್ಕೆ ಹೋಗಿ ಮೆಣಸಿನಕಾಯಿ ಬಿಡಿಸುವವಳ ಹೊಟ್ಟೆ ಗಂಡನ ಹೊಟ್ಟೆಗಿಂತ ಚಿಕ್ಕದು ಎಂದು ಬರೆದವರು ಒಂದು ದಿನವಾದರೂ ಅವಳ ಜೊತೆ ಸಾಲು ಹಿಡಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಲೆಕ್ಕದ ಪುಸ್ತಕ (ಕೊಪ್ಪಳ)

ನಾನು ಸಣ್ಣ ಘಟಕಗಳ ಲೆಕ್ಕಪತ್ರ ನೋಡುವವನು. ಹದಿನಾಲ್ಕು ಮಷೀನಿನವರಿಗೆ ಎರಡು ಪ್ರಶ್ನೆ. ವ್ಯಾಪಾರಿ ನಿಮಗೆ ಮಜೂರಿ ಕೊಡುವುದು ಎಷ್ಟು ದಿನಕ್ಕೆ? ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇದೆಯೇ?

ಹದಿನಾಲ್ಕು ಮಷೀನು (ಬಳ್ಳಾರಿ)

ನೋಂದಣಿ ಇದೆ, ಬ್ಯಾಂಕ್ ಸಾಲಕ್ಕೆ ಮಾಡಿಸಿದ್ದೆ. ಮಜೂರಿ ಬರುವುದು ಮೂರು ತಿಂಗಳಿಗೆ, ಕೆಲವೊಮ್ಮೆ ನಾಲ್ಕು. ಅಲ್ಲಿಯವರೆಗೆ ಶನಿವಾರದ ಬಟವಾಡೆಗೆ ಕೈಸಾಲ ತರುತ್ತೇನೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ.

ಲೆಕ್ಕದ ಪುಸ್ತಕ (ಕೊಪ್ಪಳ)

ನಿಮ್ಮ ಕೆಲಸಗಾರರ ಕೊರತೆಯ ಒಂದು ಭಾಗ ಆ ಬಡ್ಡಿಯಲ್ಲೇ ಹೋಗುತ್ತಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನಿಮಗೆ ಹಣ ಕೊಡಲು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇನ್ನೊಂದು ಬಿಗಿ ಇದೆ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಈ ಅವಧಿಯೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವ ವರ್ಷದವರೆಗೆ ಆ ಖರ್ಚನ್ನು ಕಳೆಯಲು ಬರುವುದಿಲ್ಲ. ವ್ಯಾಪಾರಿಯ ಲೆಕ್ಕಿಗನಿಗೆ ಇದು ಚೆನ್ನಾಗಿ ಗೊತ್ತು. ನೀವು ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕುತ್ತೀರಾ?

ಹಾಗೆಯೇ ಹದಿನೇಳು ಜನ ಎಂದಿರಿ. ಹತ್ತಾದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಬರುತ್ತದೆ. ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ). ಅದನ್ನೂ ನೋಡಿಕೊಳ್ಳಿ.

ಹದಿನಾಲ್ಕು ಮಷೀನು (ಬಳ್ಳಾರಿ)

ಬಿಲ್ಲಿನ ಮೇಲೆ ಹಾಕಿಲ್ಲ. ಇಎಸ್‌ಐ ಒಂಬತ್ತು ಮಂದಿಗೆ ಮಾತ್ರ ಇದೆ. ಸರಿಪಡಿಸುತ್ತೇನೆ.

ಓವರ್‌ಲಾಕ್ (ಬಳ್ಳಾರಿ)

ದೂರು ಹಾಕಿದ ಮರುದಿನ ಬಂಡಲ್ ನಿಲ್ಲುತ್ತದೆ. ಕೊಪ್ಪಳದಲ್ಲಿ ಕುಳಿತವರಿಗೆ ಅದು ಗೊತ್ತಾಗುವುದಿಲ್ಲ.

ಲೆಕ್ಕದ ಪುಸ್ತಕ (ಕೊಪ್ಪಳ)

ಗೊತ್ತಿದೆ. ಅದಕ್ಕೇ ದೂರು ಹಾಕಿ ಎನ್ನಲಿಲ್ಲ, ಬಿಲ್ಲಿನ ಮೇಲೆ ಸಂಖ್ಯೆ ಹಾಕಿ ಎಂದೆ.

ಕೌಲ್ ಬಜಾರ್ ಹುಡುಗ (ಬಳ್ಳಾರಿ)

ಎಲ್ಲರೂ ವ್ಯಾಪಾರಿಯತ್ತಲೇ ಕೈ ತೋರಿಸುತ್ತಿದ್ದೀರಿ. ಹಾಗಾದರೆ ಕನಿಷ್ಠ ವೇತನ ಕೊಡದಿದ್ದಕ್ಕೆ ವ್ಯಾಪಾರಿಯನ್ನೇ ಹಿಡಿಯಬಹುದೇ?

ನಿವೃತ್ತ ನಿರೀಕ್ಷಕ (ಕೊಪ್ಪಳ)

ಇಲ್ಲಿಯೇ ಕಾನೂನಿನ ಕೈ ಗಿಡ್ಡವಾಗುತ್ತದೆ. ಒಂದು ಉಕ್ಕಿನ ಕಾರ್ಖಾನೆಯ ಒಳಗೆ ಗುತ್ತಿಗೆದಾರ ಕೆಲಸಗಾರರನ್ನು ತಂದು ದುಡಿಸಿ ವೇತನ ಕೊಡದೆ ಹೋದರೆ, ಕಾರ್ಖಾನೆಯ ಮಾಲೀಕನೇ ಕೊಡಬೇಕು. ಗಿಣಿಗೇರಿ, ತೋರಣಗಲ್ಲು ಕಡೆಯ ಗುತ್ತಿಗೆ ಕಾರ್ಮಿಕರು ಇದನ್ನು ತಿಳಿದಿರಬೇಕು. ಆದರೆ ಹೊಲಿಗೆಯ ಷೆಡ್ಡು ಬೇರೆ, ಹೆಸರು ಬೇರೆ, ಮಾಲೀಕ ಬೇರೆ. ವ್ಯಾಪಾರಿ ಕೇವಲ ಜಾಬ್‌ವರ್ಕ್ ಕೊಟ್ಟವನು. ಕಾಗದದ ಮೇಲೆ ಆ ಹದಿನೇಳು ಜನರ ಜೊತೆ ಅವನಿಗೆ ಸಂಬಂಧವೇ ಇಲ್ಲ. ಮಜೂರಿಯ ದರ ನಿರ್ಧರಿಸುವವನು ಅವನು, ಪುಸ್ತಕ ತೋರಿಸಬೇಕಾದವನು ಷೆಡ್ಡಿನವನು. ನಾನು ಸೇವೆಯಲ್ಲಿದ್ದಾಗ ನೋಟಿಸ್ ಕೊಟ್ಟದ್ದೆಲ್ಲ ಷೆಡ್ಡಿನವರಿಗೇ. ಅದು ಇಂದಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಜೇಬಿನ ಮಷೀನು (ಬಳ್ಳಾರಿ)

ಹಾಗೆಂದು ಷೆಡ್ಡಿನವರು ಬಡವರು ಎಂದು ನಾವು ಸುಮ್ಮನಿರಬೇಕೇ ಸರ್? ಮೇಲಿನವನು ಅವರನ್ನು ಹಿಂಡಿದರೆ ಅವರು ನಮ್ಮನ್ನು ಹಿಂಡುತ್ತಾರೆ. ನಮ್ಮ ಕೆಳಗೆ ಯಾರಿದ್ದಾರೆ?

ಅರ್ಥಶಾಸ್ತ್ರದ ಮೇಷ್ಟ್ರು (ರಾಯಚೂರು)

ಮಕ್ಕಳಿದ್ದಾರಮ್ಮ. ಕೊರತೆ ಕೊನೆಗೆ ತಟ್ಟುವುದು ಅವರ ತಟ್ಟೆಗೆ.

ಹದಿನಾಲ್ಕು ಮಷೀನು (ಬಳ್ಳಾರಿ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಬಹಳ ಇದೆ.

ಹಾಜರಿ ಪುಸ್ತಕ ಶುರು ಮಾಡಿದೆ. ಅದರ ಜೊತೆ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿದೆ. ಕೆಲಸ ನಿಂತಾಗ ಯಾರು ಬೇಕಾದರೂ ಎದ್ದು ಹೋಗಿ ಬರೆಯಬಹುದು: ನಿಂತದ್ದು ಎಷ್ಟು ಗಂಟೆಗೆ, ಏಕೆ, ಮತ್ತೆ ಶುರುವಾದದ್ದು ಎಷ್ಟಕ್ಕೆ. ಮೊದಲ ಎರಡು ದಿನ ಯಾರೂ ಏಳಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಮೂರನೆಯ ದಿನ ಲೂಪ್ ಹಚ್ಚುವ ಹುಡುಗಿ ಎದ್ದು ‘11.10, ಬಂಡಲ್ ಇಲ್ಲ’ ಎಂದು ಬರೆದಳು. ಆಮೇಲೆ ಎಲ್ಲರೂ ಬರೆದರು.

18 ಕೆಲಸದ ದಿನಗಳಲ್ಲಿ ಇಡೀ ಘಟಕ ಕೈಕಟ್ಟಿ ಕುಳಿತ ಹೊತ್ತು 41 ಗಂಟೆ. ಬಂಡಲ್ ತಡವಾದದ್ದಕ್ಕೆ 29, ಕರೆಂಟಿಗೆ 9, ಮಷೀನು ರಿಪೇರಿಗೆ 3. ಐದು ದಿನಕ್ಕೂ ಹೆಚ್ಚಿನ ದುಡಿಮೆ ಹಾಗೆಯೇ ಆವಿಯಾಗಿದೆ. ಆ 41 ಗಂಟೆಯಲ್ಲಿ ಅವರವರ ಕೈವೇಗಕ್ಕೆ ತಕ್ಕಂತೆ ಕೆಲಸ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಒಬ್ಬೊಬ್ಬರದೂ ಲೆಕ್ಕ ಹಾಕಿದೆ. ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಈಗಿನ ಪೀಸ್ ದರದಲ್ಲೇ ಕನಿಷ್ಠ ವೇತನ ದಾಟುತ್ತಿದ್ದರು. ಉಳಿದ ಮೂವರು ಹೊಸಬರು, ಕೈ ಇನ್ನೂ ಕೂಡಿಬಂದಿಲ್ಲ. ಅವರ ಕೊರತೆಯನ್ನು ನಾನು ತುಂಬಬಲ್ಲೆ. ಈ ಮೂರು ವಾರ ಹನ್ನೊಂದು ಮಂದಿಗೂ ತುಂಬಿಯೇ ಕೊಟ್ಟಿದ್ದೇನೆ. ಮಷೀನಿನ ಸಾಲದ ಒಂದು ಕಂತು ತಪ್ಪಿತು.

ಹನ್ನೊಂದು ವರ್ಷ ನಾನು ಅವರನ್ನು ಜೋರು, ನಿಧಾನ ಎಂದು ಅಳೆಯುತ್ತಿದ್ದೆ. ನಿಧಾನವಾಗಿದ್ದದ್ದು ಬಂಡಲ್.

ಬಂಡಲ್ ತಡವಾಗುವುದು ಏಕೆಂದು ಕಟಿಂಗ್ ಮಾಸ್ಟರನ್ನು ಕೇಳಿದೆ. ಬೆಳಿಗ್ಗೆ ಕತ್ತರಿಸಿ ಅದೇ ದಿನ ಎಂಟು ಷೆಡ್ಡಿಗೆ ಒಂದೇ ಆಟೋದಲ್ಲಿ ಹಂಚುತ್ತಾರೆ. ನಮ್ಮದು ಆರನೆಯದು. ಅಷ್ಟೇ ಕಾರಣ. ನಾವು ಐದು ಷೆಡ್ಡಿನವರು ಹಲಗೆಯ ಲೆಕ್ಕವನ್ನು ಕಾಗದಕ್ಕೆ ಇಳಿಸಿ ವ್ಯಾಪಾರಿಯ ಬಳಿಗೆ ಹೋದೆವು. ಹಿಂದಿನ ಸಂಜೆಯೇ ಬಂಡಲ್ ಕಳಿಸಲು ಒಪ್ಪಿದ್ದಾರೆ, ಮುಂದಿನ ಸೋಮವಾರದಿಂದ. ಮಜೂರಿ ಏರಿಸಲು ಒಪ್ಪಲಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ನೋಡಿ ‘ಇದನ್ನು ಯಾರು ಹೇಳಿಕೊಟ್ಟರು?’ ಎಂದು ಕೇಳಿದರು. ಹಳೆಯ ಎರಡು ಬಿಲ್ಲುಗಳ ಹಣ ಆ ವಾರವೇ ಬಂತು.

ಓವರ್‌ಲಾಕ್ (ಬಳ್ಳಾರಿ)

ಆ ಐದರಲ್ಲಿ ನಾನೂ ಒಬ್ಬ. ಹೋಗುವಾಗ ನಂಬಿಕೆ ಇರಲಿಲ್ಲ. ಒಬ್ಬನೇ ಹೋಗಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಆದರೂ ಹೇಳುತ್ತೇನೆ, ಮಜೂರಿ ಏರದೆ ಇದು ವರ್ಷಪೂರ್ತಿ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಮತ್ತೆ ಏರುತ್ತದೆ.

ಕೌಲ್ ಬಜಾರ್ ಹುಡುಗ (ಬಳ್ಳಾರಿ)

ಮೂರು ವಾರದ್ದು ಕೊಟ್ಟಿರಿ, ಒಳ್ಳೆಯದು. ಅದಕ್ಕೂ ಹಿಂದಿನದು?

ನಿವೃತ್ತ ನಿರೀಕ್ಷಕ (ಕೊಪ್ಪಳ)

ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಳೆಯ ಕಾಯ್ದೆಯಲ್ಲಿ ಬಾಕಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವು ಇತ್ತು, ಸಂಹಿತೆಯಲ್ಲಿ ಮೂರು ವರ್ಷ. ಕೊರತೆಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು. ಮಾಲೀಕ ತಾನಾಗಿಯೇ ಕೂತು ಬಗೆಹರಿಸಿಕೊಂಡರೆ ಇಬ್ಬರಿಗೂ ಕ್ಷೇಮ.

ಹದಿನಾಲ್ಕು ಮಷೀನು (ಬಳ್ಳಾರಿ)

ಹಿಂದಿನದಕ್ಕೆ ಪೀಸ್ ನೋಟ್‌ಬುಕ್ ಇದೆ, ಹೊತ್ತಿನ ಲೆಕ್ಕ ಇಲ್ಲ. ಹದಿನೇಳು ಜನರನ್ನೂ ಕೂರಿಸಿಕೊಂಡು ಮಾತನಾಡಿದೆ. ಒಂದು ವರ್ಷದ್ದನ್ನು ಅಂದಾಜು ಮಾಡಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುತ್ತೇನೆ ಎಂದಿದ್ದೇನೆ. ಹೆಂಗಸರಲ್ಲಿ ಹಿರಿಯರೊಬ್ಬರು ‘ಬರೆದು ಕೊಡಿ’ ಎಂದರು. ಬರೆದು ಸಹಿ ಮಾಡಿ ಕೊಟ್ಟೆ.

ಹಮಾಲರ ಮಗ (ಸಿಂಧನೂರು)

ಆ ಹಲಗೆಯ ಫೋಟೋ ಇದ್ದರೆ ಹಾಕಿ. ನಮ್ಮ ಗಿರಣಿಯ ಹಮಾಲರಿಗೆ ತೋರಿಸಬೇಕು.

ಎಡದಂಡೆ ರೈತ (ಗಂಗಾವತಿ)

ನನಗೂ ಒಂದು ಕಳಿಸಿ. ಗಿರಣಿಯ ಮುಂದೆ ಭತ್ತದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ನಾವು ಕಾಯುವ ಹೊತ್ತನ್ನೂ ಬರೆಯಲು ಶುರು ಮಾಡುತ್ತೇನೆ.

ಜೇಬಿನ ಮಷೀನು (ಬಳ್ಳಾರಿ)

ನಮ್ಮ ಘಟಕದಲ್ಲಿ ಹಲಗೆ ಹಾಕಲು ಮಾಲೀಕರು ಒಪ್ಪಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವೇ ಬರೆಯುತ್ತಿದ್ದೇವೆ, ಆರು ಜನ. ಇಂದು: ಕುಳಿತದ್ದು 9.30, ಬಂಡಲ್ 10.40, ದಾರ ಮುಗಿದದ್ದು 3.15, ಬಂದದ್ದು 4.05. ಪ್ಯಾಂಟು 101.